ಭಾವನಿಗೊಂದು ಹಗುರವಾದ ರೀಲು

ಆಂಡರ್ಸನ್‌ಪೇಟೆಯಲ್ಲಿ ನನ್ನದೊಂದು ಸೈಕಲ್ ಅಂಗಡಿ ಇತ್ತು. ಸೈಕಲ್ ಅಂಗಡಿ ಇಟ್ಟವನ ಹತ್ತಿರ ಜನ ಸೈಕಲ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ತರುತ್ತಾರೆ. ಕುಕ್ಕರ್ ಬರುತ್ತದೆ, ಕೊಡೆ ಬರುತ್ತದೆ, ಹಿಡಿ ಕಿತ್ತುಹೋದ ಸೂಟ್‌ಕೇಸು ಬರುತ್ತದೆ. ಒಬ್ಬರು ತಮ್ಮ ತಾಯಿಯ ಹಲ್ಲಿನ ಸೆಟ್ಟು ತಂದು, "ಒಸಡಿಗೆ ಚುಚ್ತದಂತೆ, ಒಸಿ ಅರ ಆಡ್ಸಪ್ಪ" ಎಂದಿದ್ದರು. ಇದೆಲ್ಲ ನನಗೆ ಅಭ್ಯಾಸವಾಗಿ ಹೋಗಿತ್ತು. ಆದರೆ ಎಂಬತ್ತರ ದಶಕದ ಶುರುವಿನಲ್ಲಿ ಒಂದು ಬೆಳಿಗ್ಗೆ ನಮ್ಮ ಅಕ್ಕ ತನ್ನ ಗಂಡನನ್ನೇ ತಂದಳು.

೧. ಸ್ಟೂಲಿನ ಮೇಲೆ ಭಾವ

ಭಾವನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಅಕ್ಕ ಹೇಳಿದಳು: "ನೋಡ್ಲಾ, ಇವ್ರು ಮಾತೇ ಆಡಾಕಿಲ್ಲ. ಏನಾರ ಮಾಡು."

ಸಮಸ್ಯೆ ನನಗೂ ಗೊತ್ತಿತ್ತು. ಭಾವ ಚಿನ್ನದ ಗಣಿಯಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್. ಗಣಿಯೊಳಕ್ಕೆ ಜನರನ್ನು ಇಳಿಸಿ ಮೇಲಕ್ಕೆ ತರುವ ಕಬ್ಬಿಣದ ಕೇಜು ಒಂದು ಉಕ್ಕಿನ ಹಗ್ಗದಲ್ಲಿ ನೇತಾಡುತ್ತದೆ. ಆ ಹಗ್ಗವನ್ನು ಸುತ್ತುವ, ಬಿಚ್ಚುವ ದೊಡ್ಡ ಡ್ರಮ್ಮು ತಿರುಗುವುದು ಈ ಡ್ರೈವರನ ಕೈಯಲ್ಲಿ. ಗಣಿಯವರ ಸಾಲುಮನೆಗಳಿದ್ದ ಕೋರಮಂಡಲ್ ಲೈನುಗಳಲ್ಲಿ ಭಾವ ನಡೆದುಹೋದರೆ ಹೆಂಗಸರು ಸೊಸೆಯಂದಿರಿಗೆ ತೋರಿಸಿ, "ನಿನ್ ಗಂಡನ್ನ ದಿನಾ ಮೇಲಕ್ ತರೋರು ಇವ್ರೇ ಕಣೆ" ಎನ್ನುತ್ತಿದ್ದರು. ಭಾವನೂ ಸಾಮಾನ್ಯ ಮಾತುಗಾರರಲ್ಲ. ಒಂದು ಟೀ ಕುಡಿಯುವುದರೊಳಗೆ ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಜಗಳವಾಡಿ, ತಮಿಳಿನಲ್ಲಿ ರಾಜಿ ಮಾಡಿಕೊಳ್ಳುವವರು.

ಆ ವರ್ಷ ಅವರಿಗೆ ಎದೆನೋವು ಬಂತು. ಇಂಜಿನ್ ಮುಟ್ಟಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಲೈಟ್ ಡ್ಯೂಟಿ ಬರೆದರು. ಲೈಟ್ ಡ್ಯೂಟಿ ಎಂದರೆ ಸ್ಟೋರಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು. ಅವತ್ತು ಮುಚ್ಚಿದ ಬಾಯನ್ನು ಭಾವ ತೆರೆಯಲೇ ಇಲ್ಲ. ಊಟಕ್ಕೆ ಕರೆದರೆ ಬರುವರು, ಮಲಗಿ ಎಂದರೆ ಮಲಗುವರು. ಬಲಗೈ ಮಾತ್ರ ಮೊಣಕಾಲಿನ ಮೇಲೆ ಇಲ್ಲದ ಲಿವರೊಂದನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತಿರುತ್ತಿತ್ತು. ನನಗೆ ಸೈಕಲ್ ತುಳಿಯುವುದನ್ನು ಕಲಿಸಿದವರು ಅವರು.

ಹಿಂದಿನ ದಿನ ಅವರ ಮನೆಗೆ ಪೆರಿಯಣ್ಣ ಬಂದಿದ್ದರಂತೆ. ಕೇಜು ಇಳಿಯುವ ಬಾವಿಯ, ಅಂದರೆ ಶಾಫ್ಟಿನ, ಬಾಯಲ್ಲಿ ನಿಂತು ಭಾವನ ಜೊತೆ ಎಷ್ಟೋ ವರ್ಷ ಕೆಲಸ ಮಾಡಿ, ರಿಟೈರಾಗಿ, ಮದ್ರಾಸಿನಾಚೆಯ ತಮ್ಮೂರಿಗೆ ಹೋದ ತಮಿಳಿನವರು. ಅವರ ಊರು ಅಳಿವೆಯ ದಡದಲ್ಲಿತ್ತು. ಅಳಿವೆ ಎಂದರೆ ಹೊಳೆ ಸಮುದ್ರಕ್ಕೆ ಸೇರುವ ಜಾಗ. ನಮ್ಮ ಪಾಲಾರ್ ಹೊಳೆಯಲ್ಲಿ ಮರಳು ಬಿಟ್ಟು ಬೇರೇನೂ ಕಾಣದ ನಮಗೆ, ಹೊಳೆ ಎಲ್ಲಿಗಾದರೂ ಹೋಗಿ ಸೇರುತ್ತದೆ ಎಂಬುದೇ ಹೊಸ ಸುದ್ದಿ. ಪೆರಿಯಣ್ಣ ಅಲ್ಲಿ ಮೀನು ಹಿಡಿಯುವ ಕತೆ ಹೇಳುತ್ತಾ, "ಹುಳ ಬೇಡ, ಹಿಟ್ಟು ಬೇಡ ತಂಬಿ. ಒಂದು ಸುಳ್ಳು ಮೀನನ್ನ ದಾರಕ್ಕೆ ಕಟ್ಟಿ ನೀರಿಗೆ ಎಸೆಯೋದು, ಕೋಲಲ್ಲಿರೋ ರೀಲ್‌ಗೆ ದಾರ ಸುತ್ತೋದು. ನಿಜವಾದ ಮೀನು ಅದನ್ನ ಅಟ್ಟಿಸ್ಕೊಂಡ್ ಬರ್ತದೆ" ಎಂದರಂತೆ.

ಭಾವ ತಲೆ ಎತ್ತಿ, "ಸುತ್ತೋದಾ?" ಎಂದರಂತೆ.

ಅಷ್ಟೇ. ಒಂದೇ ಮಾತು. ಅಡಿಗೆಮನೆಯಲ್ಲಿದ್ದ ಅಕ್ಕನ ಕೈಯಿಂದ ಸೌಟು ಜಾರಿ ಸಾರಿನೊಳಕ್ಕೆ ಬಿತ್ತು. ಬೆಳಿಗ್ಗೆ ಆಗುವುದನ್ನೇ ಕಾದು ಅಂಗಡಿಗೆ ಬಂದಿದ್ದಳು.

"ಅದೇನೋ ರೀಲಂತೆ, ತಂದ್ಕೊಡ್ಲಾ. ಇವ್ರು ಅಂಗೇ ಪೆರಿಯಣ್ಣನೂರ್ಗೋಗಿ ಸುತ್ಲಿ. ಡಾಕ್ಟ್ರು ಅಗುರವಾದ್ದು ಇಡ್ಕಬೌದು ಅಂದವ್ರೆ."

"ಎಂಥದ್ದು ಬೇಕು ಅಂತ ಪೆರಿಯಣ್ಣ ಏನಾರ ಏಳಿದ್ರಾ?"

"ತೂಕಾನೂ ಅಗುರ ಇರ್ಬೇಕು, ರೇಟೂ ಅಗುರ ಇರ್ಬೇಕು. ಮೀನು ಮಾತ್ರ ಭಾರ ಬೀಳ್ಬೇಕು."

೨. ಅಕ್ಕನ ತೂಕದ ಪರೀಕ್ಷೆ

ಮೊದಲು ಸಿಕ್ಕಿದ್ದು ಬಂಗಲೆಯೊಂದರಲ್ಲಿ ಅಡಿಗೆ ಮಾಡಿ ವಯಸ್ಸಾದವರೊಬ್ಬರ ಹತ್ತಿರ. ಯಾವುದೋ ಕಾಲದ ದೊರೆ ಬಿಟ್ಟುಹೋದ ಹಿತ್ತಾಳೆ ರೀಲು. ನೋಡಲು ಬಲು ಚೆಂದ. ನಾನು ಅದನ್ನು ಉಜ್ಜಿ, ಚಿನ್ನದ ಹಾಗೆ ಹೊಳೆಯಿಸಿ ಕೋರಮಂಡಲಿಗೆ ತೆಗೆದುಕೊಂಡು ಹೋದೆ.

ಭಾವ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮುಖದಲ್ಲಿ ಏನೋ ಬೆಳಕು ಕಂಡ ಹಾಗಾಯಿತು. ಅಷ್ಟರಲ್ಲಿ ಅಕ್ಕ ಒಲೆಯ ಮೇಲೆ ಅಕ್ಕಿ ಹಾಕಿ ಬಂದು, "ಇಡ್ಕಂಡು ಕೈ ಮುಂದುಕ್ ಚಾಚಿ" ಎಂದಳು.

"ಯಾಕಕ್ಕ?" ಎಂದೆ ನಾನು.

"ಮೀನು ಬರೋಗಂಟ ಇಡ್ಕಂಡ್ ನಿಂತಿರ್ಬೇಕಲ್ಲ? ಅನ್ನ ಬೇಯೋಗಂಟ ಇಡ್ಕಳ್ಲಿ. ಕೈ ನಡುಗ್ದಿದ್ರೆ ಪಾಸು."

ಮಗ್ಗಿ ತಪ್ಪಿದ ಹುಡುಗನ ಹಾಗೆ ಭಾವ ಕೈ ಚಾಚಿ ನಿಂತರು. ಅಕ್ಕ ಒಂದು ಕಣ್ಣು ಪಾತ್ರೆಯ ಮೇಲೆ, ಒಂದು ಕಣ್ಣು ಗಂಡನ ಕೈಯ ಮೇಲೆ ಇಟ್ಟಿದ್ದಳು. ನೀರು ಕುದಿಯುವ ಮೊದಲೇ ಭಾವನ ಕೈ ನಡುಗಿತು. ಅಕ್ಕ ಓಡಿಬಂದು ರೀಲು ಕಿತ್ತುಕೊಂಡಳು.

"ಇದು ಮೀನು ಇಡ್ಯೋದಲ್ಲ, ಮೀನಿನ್ ತಲೆ ಮೇಲೆ ಆಕಿ ಸಾಯ್ಸೋದು" ಎಂದು ವಾಪಸ್ ಕೊಟ್ಟಳು.

ಅಡಿಗೆಯವರಿಗೆ ಅದನ್ನು ಹಿಂದಿರುಗಿಸಲು ಹೋದರೆ ಅವರ ಹೆಂಡತಿ ಬಾಗಿಲಲ್ಲೇ ಖುಷಿಯಿಂದ ಕೈ ಚಾಚಿದರು. "ಬಂತಾ? ಒಳ್ಳೇದಾಯ್ತಪ್ಪ. ಅದು ಓದ್ಮೇಲೆ ಉಪ್ಪಿನಕಾಯಿ ಜಾಡಿ ಮುಚ್ಚಳ ನಿಲ್ತಾನೇ ಇರ್ಲಿಲ್ಲ."

೩. ಸುಧಾರಣೆ

ಎರಡನೆಯದನ್ನು ಪರಿಚಯದ ರೈಲ್ವೆ ಗಾರ್ಡೊಬ್ಬರು ಮದ್ರಾಸಿನಿಂದ ತಂದುಕೊಟ್ಟರು. ಪ್ಲಾಸ್ಟಿಕ್ ಮೈ, ತೆಳು ಹ್ಯಾಂಡಲ್. ಅನ್ನ ಬೆಂದಿತು, ಭಾವನ ಕೈ ಅಲುಗಲಿಲ್ಲ. ಅಕ್ಕನಿಗೆ ಅದೂ ಸಾಲದೆ ಬೇಳೆಯನ್ನೂ ಬೇಯಿಸಿದಳು. ಆಗಲೂ ಪಾಸು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗಿತ್ತು. ಭಾವನ ಕೆಲಸದ ಅಭ್ಯಾಸವೇ ಬೇರೆ. ಪ್ರತಿ ಶಿಫ್ಟಿನ ಮೊದಲು ಡ್ರಮ್ಮು, ಬ್ರೇಕು, ಹಗ್ಗ ಎಲ್ಲವನ್ನೂ ತಪಾಸಣೆ ಮಾಡದೆ ಅವರು ಇಂಜಿನ್ ಮುಟ್ಟಿದವರಲ್ಲ. ಹಾಗಾಗಿ ರೀಲನ್ನು ಟಿಫಿನ್ ಚೀಲಕ್ಕೆ ಹಾಕಿಕೊಂಡು ತಪಾಸಣೆಗೆಂದು ವರ್ಕ್‌ಶಾಪಿನ ಗೆಳೆಯರ ಹತ್ತಿರ ತೆಗೆದುಕೊಂಡು ಹೋದರು.

ನಮ್ಮ ವರ್ಕ್‌ಶಾಪಿನವರ ಕೈಗೆ ಒಂದು ವಸ್ತು ಕೊಟ್ಟರೆ ಅದು ಹೋದ ಹಾಗೆ ವಾಪಸ್ ಬರುವುದಿಲ್ಲ. ಮಾತು ಬಿಟ್ಟ ತಮ್ಮ ಡ್ರೈವರಿಗೆ ಏನಾದರೂ ಮಾಡಬೇಕು ಎಂಬ ಪ್ರೀತಿ ಬೇರೆ. ಟರ್ನರ್ ನೋಡಿ, "ಈ ಪ್ಲಾಸ್ಟಿಕ್ ಬುಶ್ಶು ಮೀನು ಸೀನಿದ್ರೆ ಒಡ್ದೋಯ್ತದೆ" ಎಂದು ಹಿತ್ತಾಳೆಯದು ಮಾಡಿ ಕೂರಿಸಿದ. ಫಿಟ್ಟರ್‌ಗೆ ಹ್ಯಾಂಡಲ್ ಹಿಡಿಸಲಿಲ್ಲ, ಉಕ್ಕಿನದು ಹಾಕಿದ. ವೆಲ್ಡರ್ ತನ್ನ ಪಾಲಿಗೆ ಏನೂ ಉಳಿಯಲಿಲ್ಲವೆಂದು ಬೇಜಾರು ಮಾಡಿಕೊಂಡು, ಎತ್ತಿಕೊಂಡು ಹೋಗಲು ಅನುಕೂಲವಾಗಲಿ ಅಂತ ಮೇಲೊಂದು ಕೊಕ್ಕೆ ಬೆಸೆದ. ಕೊನೆಗೆ ಪೇಂಟರ್ ಬೂದು ಬಣ್ಣ ಬಳಿದು, ಕೆಂಪು ಅಕ್ಷರದಲ್ಲಿ 'ಅಪಾಯ' ಎಂದು ಬರೆದು, ಕೆಳಗೆ ತಲೆಬುರುಡೆ ಹಾಕಿದ.

ಅದನ್ನು ಮನೆಗೆ ತಂದವರು ಭಾವನಲ್ಲ, ಅವರ ಹಿಂದೆ ಇಬ್ಬರು ಹಿಡಿದುಕೊಂಡು ಬಂದರು. ಅಕ್ಕ ಅಕ್ಕಿಯ ಡಬ್ಬಿ ತೆರೆಯಲೂ ಇಲ್ಲ. ತಲೆಬುರುಡೆಯನ್ನು ನೋಡಿ, "ಮೀನುಗಳಿಗೆ ಓದಾಕ್ ಬರ್ತದಾ?" ಎಂದು ಕೇಳಿದಳು.

೪. ಮದ್ರಾಸಿನ ಫುಟ್‌ಪಾತಿನಲ್ಲಿ

ಈ ಸಲ ನಾನೇ ಹೋಗುವುದೆಂದಾಯಿತು. ಸೈಕಲ್ ಸಾಮಾನು ತರಲು ಹೇಗೂ ಮದ್ರಾಸಿಗೆ ಹೋಗುವುದಿತ್ತು. ಬಂಗಾರಪೇಟೆಯಲ್ಲಿ ರೈಲು ಹತ್ತಿಸುವಾಗ ಅಕ್ಕ ಕಿವಿಯಲ್ಲಿ ಹೇಳಿದಳು: "ಮೂರು ತಿಂಗ್ಳಾಯ್ತಾ ಬಂತು ಕಣ್ಲಾ. 'ಸುತ್ತೋದಾ' ಅಂದಿದ್ದೇ ಕೊನೆ. ಇನ್ನೊಂದು ಮಾತು ಆಡ್ಲಿಲ್ಲ. ಈ ಸಲ ಸರ್ಯಾಗಿರೋದು ತತ್ತೀಯಾ?" ಅವಳ ಕಣ್ಣು ನೋಡಿ, "ತತ್ತೀನಿ ಬುಡಕ್ಕ" ಎಂದೆ.

ಬಂದರಿನ ಹತ್ತಿರ ಫುಟ್‌ಪಾತಿನಲ್ಲಿ ಒಬ್ಬ ಬಗೆಬಗೆಯ ರೀಲು ಹರಡಿಕೊಂಡು ಕೂತಿದ್ದ. ನಾನು ಬಾಗಿ ನೋಡುತ್ತಿದ್ದಂತೆ ಶುರು ಮಾಡಿದ. ಯಾವ ಮೀನು? ಸಮುದ್ರವಾ, ಅಳಿವೆಯಾ? ಎಷ್ಟು ದಪ್ಪದ ದಾರ? ಎಸೆಯುವ ಸುಳ್ಳು ಮೀನಿನ ತೂಕ ಎಷ್ಟು? ಬ್ರೇಕು ಮುಂದಿರಬೇಕಾ, ಹಿಂದಿರಬೇಕಾ? ನಾನು 'ಅಳಿವೆ' ಎಂಬುದೊಂದಕ್ಕೆ ಉತ್ತರ ಕೊಟ್ಟೆ. ಮಿಕ್ಕಿದ್ದಕ್ಕೆಲ್ಲ ತಲೆ ಕೆರೆದುಕೊಂಡೆ. ಅವನಿಗೂ ರೋಸಿಹೋಯಿತು.

"ಏನೂ ಗೊತ್ತಿಲ್ಲದೆ ಹೇಗೆ ಸಾರ್ ಕೊಡಲಿ? ರೀಲ್ ಎಷ್ಟು ಹಗುರ ಇರ್ಬೇಕು, ಅದನ್ನಾದ್ರೂ ಹೇಳಿ" ಎಂದು ತಮಿಳಿನಲ್ಲಿ ಕೇಳಿದ.

ನಾನು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅನ್ನ ಬೇಯುವವರೆಗೆ ಕೈ ಚಾಚಿ ಹಿಡಿದುಕೊಳ್ಳುವ ಹಾಗಿರಬೇಕು" ಎಂದೆ.

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಗಂಭೀರವಾಗಿ ಯೋಚನೆ ಮಾಡಿ ಕೇಳಿದ: "ಪಚ್ಚರಿಸಿಯಾ, ಪುಳುಂಗಲಾ?"

ನಿಜವೇ. ಅವರ ಕಡೆಯ ಪುಳುಂಗಲ್, ಅಂದರೆ ಕುಸುಬಲಕ್ಕಿ, ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಾವು ತಿನ್ನುವುದು ಕುದಿಸದ ಮಾಮೂಲಿ ಅಕ್ಕಿ, ಹಾಗಾಗಿ "ಪಚ್ಚರಿಸಿ" ಎಂದೆ.

"ಹಾಗೆ ಹೇಳಿ ಮತ್ತೆ" ಎಂದು ಒಂದೇ ಸಲಕ್ಕೆ ಕೈ ಹಾಕಿ ರಾಶಿಯಿಂದ ಒಂದು ರೀಲು ತೆಗೆದುಕೊಟ್ಟ. ರೇಟೂ ಹಗುರವಾಗಿಯೇ ಇತ್ತು. ಅಕ್ಕನ ಮನೆಯ ಒಲೆಯ ಮುಂದೆ ಅದು ಮೊದಲನೇ ದರ್ಜೆಯಲ್ಲಿ ಪಾಸಾಯಿತು.

೫. ಊರ ಅಳಿಯ

ವರ್ಕ್‌ಶಾಪಿನವರ ಪ್ರೀತಿಯಿಂದ ಕಾಪಾಡಲು ರೀಲನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟಳು ಅಕ್ಕ. ನಾನು ಬಿದಿರಿನ ಕೋಲಿಗೆ ಸೈಕಲ್ ಚಕ್ರದ ಕಡ್ಡಿಗಳನ್ನು ಬಳೆಯ ಹಾಗೆ ಬಗ್ಗಿಸಿ ಕಟ್ಟಿ, ದಾರ ಹಾಯಲು ದಾರಿ ಮಾಡಿದೆ. ಇನ್ನು ಎಸೆಯುವುದನ್ನು ಕಲಿಯಬೇಕಿತ್ತು. ಲೈನಿನಲ್ಲಿ ಎಸೆದರೆ ಯಾರ ಸೀರೆಗೆ ಸಿಕ್ಕಿ ಯಾವ ರಾಮಾಯಣವಾಗುತ್ತದೋ ಎಂದು, ಬಂಗಾರಪೇಟೆಯ ಹತ್ತಿರದ ನಮ್ಮ ಹಳ್ಳಿಗೆ ಭಾವನನ್ನು ಕರೆದುಕೊಂಡು ಹೋದೆ.

ಕೆರೆಯ ಅಂಗಳದಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಭಾವ ಕೋಲನ್ನು ಹಿಂದಕ್ಕೆ ಒಯ್ದು ಬೀಸಿದರು. ಸುಳ್ಳು ಮೀನು ಆಕಾಶಕ್ಕೆ ಹೋಗಿ, ಬಿಸಿಲಿನಲ್ಲಿ ಮಿಂಚಿ, ಒಂದು ಎಮ್ಮೆಯ ಕೊರಳ ಹಗ್ಗಕ್ಕೆ ಸಿಕ್ಕಿಕೊಂಡಿತು. ಎಮ್ಮೆ ಒಮ್ಮೆ ತಿರುಗಿ ನೋಡಿ, ಇವತ್ತಿಗೆ ಮೇದಿದ್ದು ಸಾಕು ಎನಿಸಿತೋ ಏನೋ, ಮನೆಯ ಕಡೆ ಹೊರಟಿತು.

"ಬುಟ್ಬುಡಿ ಭಾವ!" ಎಂದು ನಾನು ಕೂಗಿದೆ. ಭಾವ ಬಿಡಲಿಲ್ಲ. ದಾರ ತುಂಡಾಗದ ಹಾಗೆ ಬ್ರೇಕನ್ನು ಬೆರಳಲ್ಲಿ ಆಡಿಸುತ್ತಾ ಎಮ್ಮೆಯ ಹಿಂದೆ ಹೊರಟರು. ಏರಿ ಹತ್ತಿದರು, ಇಳಿದರು. ಅರಳಿಕಟ್ಟೆಯ ಮುಂದೆ ಹೋದಾಗ ಅಲ್ಲಿ ಕೂತವರೆಲ್ಲ ಎದ್ದು ನಿಂತು ಕೈ ಮುಗಿದರು. ಊರ ಅಳಿಯ ಎಮ್ಮೆಗೆ ದಾರ ಕಟ್ಟಿ ಕೋಲಿನಲ್ಲಿ ಹಿಡಿದುಕೊಂಡು ಬಂದರೆ ಏಕೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಎಮ್ಮೆ ಕೊಟ್ಟಿಗೆಗೆ ಹೊಕ್ಕಿತು. ಭಾವನೂ ಹೊಕ್ಕರು.

ಎಮ್ಮೆಯ ಒಡತಿ ತಲೆಯ ಮೇಲೆ ಸೆರಗು ಎಳೆದುಕೊಂಡು ಮಣೆ ಹಾಕಿದಳು, ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಭಾವ ಕುಡಿದು ಲೋಟ ಕೆಳಗಿಟ್ಟು, ನನ್ನ ಕಡೆ ತಿರುಗಿ, "ಬ್ರೇಕು ಪರ್ವಾಗಿಲ್ಲ" ಎಂದರು. ಮೂರು ತಿಂಗಳಲ್ಲಿ ಎರಡನೇ ಮಾತು! ನನಗೆ ಎಮ್ಮೆಯನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

ಹೊರಡುವಾಗ ಒಡತಿ ಬಾಗಿಲವರೆಗೆ ಬಂದು ಬಲು ಸಂಕೋಚದಿಂದ ಹೇಳಿದಳು: "ನಮ್ಮೆಜಮಾನ್ರು ಕರೆದ್ರೆ ಸಂಜೆಗಂಟ ಬರಾಕಿಲ್ಲ ಈ ಮೂದೇವಿ. ನಾಳೀಕೂ ಬನ್ನಿ ಅಳಿಯಂದ್ರೇ. ಇನ್ನೂ ಒಂದು ಕಡಸು ಐತೆ."

೬. ಅಳಿವೆ

ಕೊನೆಗೆ ನಾವು ಮೂವರೂ ಪೆರಿಯಣ್ಣನ ಊರಿಗೆ ಹೋದೆವು. ಅಕ್ಕ ಟಿಫಿನ್ ಕ್ಯಾರಿಯರ್ ತುಂಬ ಚಿತ್ರಾನ್ನ ಕಟ್ಟಿಕೊಂಡಿದ್ದಳು. ಬೆಳಗಿನ ಹೊತ್ತು. ಹೊಳೆ ಅಗಲವಾಗಿ ಹರಡಿಕೊಂಡಿತ್ತು. ಆಚೆಗೆ ಅಲೆಗಳ ಬಿಳಿ ಗೆರೆ ಕಾಣುತ್ತಿತ್ತು. ಅಷ್ಟು ನೀರನ್ನು ಒಟ್ಟಿಗೆ ನೋಡಿದ ಅಕ್ಕ, "ಇಷ್ಟೊಂದು ಸುಮ್ನೆ ಓಯ್ತಾ ಐತಲ್ಲ ಪೆರಿಯಣ್ಣ, ನಮ್ ಕಡೀಕ್ ಒಸಿ ತಿರುಗ್ಸಾಕಾಗಾಕಿಲ್ವಾ?" ಎಂದು ಹೊಟ್ಟೆ ಉರಿದುಕೊಂಡಳು.

ಭಾವ ಎಸೆದರು, ಸುತ್ತಿದರು. ಸುಳ್ಳು ಮೀನು ಬರಿಗೈಯಲ್ಲಿ ವಾಪಸ್ ಬಂತು. ಮತ್ತೆ ಎಸೆದರು, ಮತ್ತೆ ಸುತ್ತಿದರು. ಕೈ ಸಲೀಸಾಗಿ ಓಡುತ್ತಿತ್ತು, ಬಾಯಿ ಮಾತ್ರ ಬಿಗಿದೇ ಇತ್ತು. ಪೆರಿಯಣ್ಣ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಹಳೆಯದೆಲ್ಲ ಮಾತಾಡಿ ನೋಡಿದರು. ಭಾವ ತಲೆ ಆಡಿಸಿದರು ಅಷ್ಟೇ. ಅಕ್ಕ ನನ್ನ ಮುಖ ನೋಡಿದಳು. ಇಷ್ಟು ದೂರ ಬಂದದ್ದೂ ದಂಡವಾಯಿತೇನೋ ಎಂದು ನನಗೂ ಅನಿಸಿತು.

ಆಗ ಕೋಲು ಬಿಲ್ಲಿನ ಹಾಗೆ ಬಗ್ಗಿತು. ರೀಲಿನಿಂದ ದಾರ ಕಿರ್ರೆಂದು ಹೊರಟಿತು. ಭಾವ ಬ್ರೇಕು ಹಿಡಿದು ನಿಲ್ಲಿಸಿದರು. ನಿಲ್ಲಿಸಿ, ಕಲ್ಲಾಗಿ ನಿಂತುಬಿಟ್ಟರು.

"ಸುತ್ತಿ ಭಾವ!" ಎಂದು ನಾನು ಕಿರುಚಿದೆ.

"ಸುತ್ರೀ, ಸುತ್ರೀ!" ಎಂದು ಅಕ್ಕ ಕುಣಿದಳು.

ಭಾವ ಅಲುಗಲಿಲ್ಲ. ಕೈ ಹ್ಯಾಂಡಲಿನ ಮೇಲೆ ಇತ್ತು. ಹಣೆಯಲ್ಲಿ ಬೆವರು. ದಾರ ಮಿಡಿಯುತ್ತಿದ್ದ ಕಡೆಯೇ ಕಣ್ಣಿಟ್ಟು, "ಜೀವ ಐತೆ ಅಣ್ಣೇ" ಎಂದರು. "ತುದೀಲಿ ಜೀವ ಐತೆ! ಬೆಲ್ಲಿಲ್ದೆ ಎಂಗ್ ಸುತ್ಲಿ?"

ನನಗೂ ಅಕ್ಕನಿಗೂ ಏನೂ ಅರ್ಥವಾಗಲಿಲ್ಲ. ಪೆರಿಯಣ್ಣನಿಗೆ ಆಯಿತು. ಇಂಜಿನ್ ಮನೆಯಲ್ಲಿ ಕೂತ ಡ್ರೈವರಿಗೆ ಕೇಜು ಕಾಣುವುದಿಲ್ಲ. ಶಾಫ್ಟಿನ ಬಾಯಿಂದ ಬರುವ ಬೆಲ್ಲೇ ಅವನಿಗೆ ಕಣ್ಣು. ಮೂರು ಹೊಡೆದರೆ ಒಳಗೆ ಜನ ಇದ್ದಾರೆ ಎಂದು. ಎರಡಾದರೆ ಇಳಿಸು. ನಿಂತಿದ್ದಾಗ ಒಂದು ಹೊಡೆದರೆ ಎತ್ತು, ಓಡುತ್ತಿರುವಾಗ ಒಂದು ಹೊಡೆದರೆ ನಿಲ್ಲಿಸು. ಹಗ್ಗದ ತುದಿಯಲ್ಲಿ ಜೀವ ಇರುವಾಗ ಬೆಲ್ಲಿಲ್ಲದೆ ಡ್ರಮ್ಮು ಒಂದಂಗುಲ ತಿರುಗಿಸಿದರೆ ಕೊಲೆಗೆ ಸಮ. ಅಷ್ಟು ವರ್ಷ ಭಾವನಿಗೆ ಆ ಬೆಲ್ಲು ಕೊಟ್ಟವರು ಈ ಪೆರಿಯಣ್ಣನೇ.

ಪೆರಿಯಣ್ಣ ಎದ್ದರು. ಟಿಫಿನ್ ಕ್ಯಾರಿಯರಿನ ಮುಚ್ಚಳ ಕಿತ್ತು, ದಡದ ಒಂದು ಕಲ್ಲು ತೆಗೆದುಕೊಂಡರು.

"ಅಯ್ಯೋ, ನನ್ ಡಬ್ಬಿ!" ಎಂದಳು ಅಕ್ಕ.

ಠಣ್, ಠಣ್, ಠಣ್. ಪೆರಿಯಣ್ಣ ನಿಲ್ಲಿಸಿ, ಉಸಿರು ತೆಗೆದುಕೊಂಡು ಹೊಡೆದರು: ಠಣ್.

ಭಾವನ ಭುಜ ಇಳಿಯಿತು. ಕೈ ಸುತ್ತತೊಡಗಿತು. ಒಂದು ಕುಲುಕಿಲ್ಲ, ಒಂದು ಎಳೆತವಿಲ್ಲ. ನಿಧಾನವಾಗಿ, ಒಂದೇ ಸಮನೆ. ಮೀನು ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು, ಒಮ್ಮೆ ನೀರಿನ ಮೇಲಕ್ಕೆ ಹಾರಿತು. ಭಾವನ ಕೈ ಮಾತ್ರ ತನ್ನ ಲೆಕ್ಕದಲ್ಲೇ ಇತ್ತು.

ಅಕ್ಕನಿಗೆ ತಡೆಯಲಾಗಲಿಲ್ಲ. "ಬಿರ್ನೆ ಸುತ್ರೀ! ತಪ್ಪುಸ್ಕಂಡೋಯ್ತದೆ!"

"ಸುಮ್ಕಿರೇ. ಮೂರು ಒಡುದವ್ರೆ, ಕೇಳಿಸ್ಲಿಲ್ವಾ? ಜನ ಅವ್ರೆ. ಬಿರ್ನೆ ಸುತ್ತಂಗಿಲ್ಲ. ಒಳಗಿರೋರ್ಗೆ ಒಟ್ಟೆ ತೊಳ್ಸ್ತದೆ. ಒಂದ್ ದಪ ಇಂಗೇ ಒಬ್ಬ ಹೊಸ ಡ್ರೈವರ್ ಅವಸರ ಮಾಡಿ, ಮೇಲಕ್ ಬಂದೋರೆಲ್ಲ ಅವನ್ ಮನೆ ಮುಂದೆ ಓಗಿ ವಾಂತಿ ಮಾಡಿದ್ರು, ಗೊತ್ತಾ ನಿಂಗೆ?"

ಅಕ್ಕ ಬಾಯಿ ಬಿಟ್ಟುಕೊಂಡು ಗಂಡನನ್ನೇ ನೋಡಿದಳು. ಬೈಸಿಕೊಂಡು ಅಷ್ಟು ಖುಷಿಪಟ್ಟ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಮೀನು ದಡದ ಮಟ್ಟಕ್ಕೆ ಬಂದಾಗ ಪೆರಿಯಣ್ಣ ಒಂದು ಹೊಡೆದರು. ಭಾವ ಅಲ್ಲಿಗೇ ನಿಲ್ಲಿಸಿ ಬ್ರೇಕು ಹಾಕಿದರು. ಮೊಳಕ್ಕಿಂತ ಉದ್ದದ ಕೊಡುವಾ ಮೀನು. ಪೆರಿಯಣ್ಣ ನೀರಿಗಿಳಿದು ಅದನ್ನು ಎರಡೂ ಕೈಯಲ್ಲಿ ಎತ್ತಿ ದಡಕ್ಕೆ ಹಾಕಿದ ಮೇಲೆಯೇ ಭಾವ ಹ್ಯಾಂಡಲ್ ಬಿಟ್ಟಿದ್ದು. ಬಿಟ್ಟು, ಬೆವರು ಒರೆಸಿಕೊಂಡು, ಶಿಫ್ಟು ಮುಗಿಸಿದವರ ಹಾಗೆ ಕೇಳಿದರು:

"ಎಷ್ಟು ಜನ ಬಂದ್ರು ಅಣ್ಣೇ?"

ಪೆರಿಯಣ್ಣ ಮೀನನ್ನು ನೋಡಿದರು. "ಒಬ್ಬನೇ ತಂಬಿ."

"ಮಿಕ್ಕೋರು?"

"ಎಲ್ಲಾ ಕೆಳಗೇ ಇದಾರೆ."

"ಅಂಗಾದ್ರೆ ಏನ್ ನಿಂತು ನೋಡ್ತಿದೀಯಾ? ಎಲ್ಡು ಒಡಿ, ಇಳುಸ್ತೀನಿ."

ಪೆರಿಯಣ್ಣ ನೆಗ್ಗಿದ ಮುಚ್ಚಳವನ್ನು ಹುಡುಕಿಕೊಳ್ಳುವಷ್ಟರಲ್ಲಿ, ಅಕ್ಕ ಕ್ಯಾರಿಯರಿನ ದೊಡ್ಡ ಡಬ್ಬಿಯ ಚಿತ್ರಾನ್ನವನ್ನೆಲ್ಲ ನನ್ನ ಟವಲ್ಲಿಗೆ ಸುರಿದು, ಖಾಲಿ ಡಬ್ಬಿಯನ್ನು ಬೋರಲು ಹಾಕಿ ಅವರ ಮುಂದಿಟ್ಟಳು.

"ಇದ್ರಲ್ಲಿ ಒಡೀರಣ್ಣ, ಇದು ಸದ್ದು ಜಾಸ್ತಿ."